ಮಾಸ್ಟರಿಂಗ್ ಯಾಕೆ ಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಮಿಕ್ಸ್, ಅಂದರೆ ಬಿಡಿಬಿಡಿಯಾಗಿ ರೆಕಾರ್ಡ್ ಮಾಡಿದ ದನಿ, ವಾದ್ಯಗಳನ್ನು ಹದವಾಗಿ ಕೂಡಿಸುವ ಕೆಲಸ, ಮುಗಿಸಿ ಹಾಡು ಬಿಡುಗಡೆ ಮಾಡಲು ಕೂತವರು ಒಂದಲ್ಲ ಒಂದು ಸಲ ಈ ಪ್ರಶ್ನೆಗಳನ್ನು ಕೇಳಿಯೇ ಕೇಳುತ್ತಾರೆ. ಕೆಲವಕ್ಕೆ ಒಂದೆರಡು ಸಾಲಿನ ಉತ್ತರ ಸಾಕು. ಕೆಲವಕ್ಕೆ, ಅದರಲ್ಲೂ ಈ ‘ಜೋರು’ ಅನ್ನೋ ವಿಷಯಕ್ಕೆ, ಸ್ವಲ್ಪ ಉದ್ದಕ್ಕೇ ಹೇಳಬೇಕಾಗುತ್ತದೆ.

ಮಾಸ್ಟರಿಂಗ್‌ನಲ್ಲಿ ಅಸಲಿಗೆ ಏನು ಮಾಡುತ್ತಾರೆ?

ಮಿಕ್ಸಿಂಗ್ ಮುಗಿದಾಗ ನಿಮ್ಮ ಕೈಗೆ ಒಂದು ಸ್ಟೀರಿಯೋ ಫೈಲ್ ಸಿಗುತ್ತದೆ. ಎಡಕ್ಕೊಂದು ಚಾನೆಲ್, ಬಲಕ್ಕೊಂದು ಚಾನೆಲ್, ಅಷ್ಟೇ. ಆ ಫೈಲು ಕೇಳುಗರನ್ನು ಮುಟ್ಟುವ ಮುಂಚೆ ಅದರ ಮೇಲೆ ನಡೆಯುವ ಕೊನೆಯ ಕೆಲಸ ಮಾಸ್ಟರಿಂಗ್.

ಇದರಲ್ಲಿ ಅರ್ಧ ಕಿವಿಯ ಕೆಲಸ. ಇಡೀ ಹಾಡನ್ನು ಹೊಸಬರಂತೆ ಕೇಳಿ ಬೇಸ್ ಜಾಸ್ತಿಯಾಗಿದೆಯಾ, ಮೇಲಿನ ದನಿ ಚುಚ್ಚುತ್ತಿದೆಯಾ, ಪಲ್ಲವಿ ಬಂದಾಗ ಹಾಡು ಅರಳುತ್ತದಾ ಇಲ್ಲಾ ಕುಗ್ಗುತ್ತದಾ ಅಂತ ನೋಡಿ, ಬೇಕಿದ್ದರೆ ಮಾತ್ರ ಇಕ್ಯೂ (ಬೇಸ್, ಟ್ರೆಬಲ್‌ನಂಥ ಭಾಗಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವುದು), ಕಂಪ್ರೆಸರ್ (ಜೋರು-ಮೆತ್ತಗಿನ ಅಂತರ ಕುಗ್ಗಿಸುವುದು), ಲಿಮಿಟರ್ (ದನಿ ಒಂದು ಮಟ್ಟ ದಾಟದಂತೆ ತಡೆಯುವುದು) ಹಿಡಿದು ಸಣ್ಣಪುಟ್ಟ ತಿದ್ದುಪಡಿ ಮಾಡುವುದು. ಇನ್ನರ್ಧ ಗುಮಾಸ್ತೆ ಕೆಲಸ. ಹಾಡು ಎಲ್ಲಿ ಶುರುವಾಗಬೇಕು, ಕೊನೆಯ ರಿವರ್ಬ್ (ದನಿ ನಿಂತ ಮೇಲೂ ಉಳಿಯುವ ಗುಂಗು) ಎಲ್ಲಿಗೆ ಮಾಯವಾಗಬೇಕು, ಎಲ್ಲಾದರೂ ‘ಟಿಕ್’ ಅಂತ ಸದ್ದು ಉಳಿದಿದೆಯಾ, ಯಾವ ಫಾರ್ಮ್ಯಾಟ್‌ನಲ್ಲಿ ಫೈಲ್ ಕೊಡಬೇಕು ಇತ್ಯಾದಿ. ಎರಡನೆಯ ಅರ್ಧದ ಬಗ್ಗೆ ಯಾರೂ ವಿಡಿಯೋ ಮಾಡುವುದಿಲ್ಲ. ಆದರೆ ಬಿಡುಗಡೆಯ ದಿನ ಮಾನ ಉಳಿಸುವುದು ಅದೇ.

ಹಾಗಾದರೆ ಮಿಕ್ಸಿಂಗ್‌ಗೂ ಇದಕ್ಕೂ ಏನು ವ್ಯತ್ಯಾಸ?

ಮಿಕ್ಸ್ ಮಾಡುವವರ ಮುಂದೆ ಎಲ್ಲಾ ಟ್ರ್ಯಾಕ್‌ಗಳೂ ಬಿಡಿಬಿಡಿಯಾಗಿ ಇರುತ್ತವೆ. ಗಾಯಕಿಯ ದನಿ ಕಮ್ಮಿಯಾದರೆ ಆ ಫೇಡರ್ ಒಂದನ್ನೇ ಮೇಲೆತ್ತಬಹುದು. ಮಾಸ್ಟರಿಂಗ್‌ನಲ್ಲಿ ಆ ಸ್ವಾತಂತ್ರ್ಯ ಇಲ್ಲ. ಇಕ್ಯೂನಲ್ಲಿ 3 ಕಿಲೋಹರ್ಟ್ಜ್ (ಹರ್ಟ್ಜ್ ಅಂದರೆ ದನಿಯ ಕಂಪನದ ಅಳತೆ) ಹತ್ತಿರ ಎತ್ತಿದರೆ ದನಿಯ ಜೊತೆಗೆ ಗಿಟಾರ್, ಸ್ನೇರ್, ಪಿಟೀಲು ಎಲ್ಲವೂ ಎದ್ದು ಕೂರುತ್ತವೆ.

ಪುಸ್ತಕ ಅಚ್ಚಿಗೆ ಹೋಗುವ ಮುಂಚೆ ಕರಡು ತಿದ್ದುವವರು ಕಥೆಯನ್ನು ಬದಲಿಸುವುದಿಲ್ಲವಲ್ಲ, ಹಾಗೆ. ಕಥೆ ಮಿಕ್ಸ್‌ನಲ್ಲೇ ಮುಗಿದಿರಬೇಕು.

ಮಿಕ್ಸ್ ಚೆನ್ನಾಗಿದ್ದರೆ ಇನ್ನೊಬ್ಬರು ಯಾಕೆ ಬೇಕು?

ನೀವು ಆ ಹಾಡನ್ನು ಎಷ್ಟೋ ನೂರು ಸಲ ಕೇಳಿರುತ್ತೀರಿ. ಕಿವಿ ಒಗ್ಗಿಹೋಗಿರುತ್ತದೆ. ಸಾಹಿತ್ಯ ಬಾಯಿಪಾಠ ಆಗಿರುವುದರಿಂದ ದನಿ ಮುಚ್ಚಿಹೋಗಿದ್ದರೂ ನಿಮಗೆ ಪ್ರತಿ ಅಕ್ಷರವೂ ಕೇಳಿಸುತ್ತದೆ. ಜೊತೆಗೆ ನಿಮ್ಮ ಕೋಣೆಯೂ ಸುಳ್ಳು ಹೇಳುತ್ತದೆ. ಸಣ್ಣ ಕೋಣೆಯಲ್ಲಿ ಬೇಸ್ ಗೋಡೆಗೆ ಬಡಿದು ವಾಪಸ್ ಬಂದು, ಕೆಲವು ಸ್ವರಗಳು ಉಬ್ಬುತ್ತವೆ, ಕೆಲವು ಕಾಣೆಯಾಗುತ್ತವೆ. ಕುರ್ಚಿಯನ್ನು ಒಂದಡಿ ಹಿಂದೆ ಎಳೆದರೆ ಹಾಡೇ ಬೇರೆ ಅನಿಸಬಹುದು. ಆ ಸುಳ್ಳನ್ನು ನಂಬಿ ನೀವು ಬೇಸ್ ಕಮ್ಮಿ ಮಾಡಿರುತ್ತೀರಿ, ಹೊರಗೆ ಹೋದಾಗ ಹಾಡು ಸಪ್ಪೆ.

ಬೇರೆ ಕಿವಿ, ಬೇರೆ ಕೋಣೆ, ನಂಬಬಹುದಾದ ಸ್ಪೀಕರ್. ಮಾಸ್ಟರಿಂಗ್ ಎಂಜಿನಿಯರ್‌ಗೆ ಕೊಡುವ ದುಡ್ಡಿನ ಮುಕ್ಕಾಲು ಪಾಲು ಈ ಮೂರಕ್ಕೇ ಅಂತ ನನ್ನ ಲೆಕ್ಕ. ಉಪಕರಣಗಳು ಈಗ ಎಲ್ಲರ ಹತ್ತಿರವೂ ಇವೆ.

ಈ ಕೆಲಸ ಶುರುವಾಗಿದ್ದು ಹೇಗೆ?

ಗ್ರಾಮೊಫೋನ್ ತಟ್ಟೆಗಳಿಂದ. ಎರಡನೇ ಮಹಾಯುದ್ಧದ ನಂತರ ಸ್ಟುಡಿಯೋಗಳು ಟೇಪಿನಲ್ಲಿ ರೆಕಾರ್ಡ್ ಮಾಡಲು ಶುರು ಮಾಡಿದವು, 1948ರಲ್ಲಿ ಎಲ್‌ಪಿ ಅನ್ನೋ ಹೆಚ್ಚು ಹೊತ್ತು ಓಡುವ ತಟ್ಟೆ ಬಂತು. ಟೇಪಿನಲ್ಲಿರುವ ಹಾಡನ್ನು ತಟ್ಟೆಗೆ ಇಳಿಸಲು ಒಬ್ಬರು ಬೇಕಾದರು. ಲೇತ್ ಯಂತ್ರದ ಮುಂದೆ ಕೂತು, ಲ್ಯಾಕರ್ ತಟ್ಟೆಯ ಮೇಲೆ ಸೂಜಿಯಿಂದ ಗೀರು ಕೊರೆಯುವುದು ಅವರ ಕೆಲಸ.

ಗೀರಿಗೆ ಅದರದ್ದೇ ಮಿತಿಗಳಿದ್ದವು. ಬೇಸ್ ಜಾಸ್ತಿಯಾದರೆ ಗೀರು ಅಗಲವಾಗಿ, ತಟ್ಟೆಯಲ್ಲಿ ಜಾಗ ಸಾಲುತ್ತಿರಲಿಲ್ಲ. ಎಡ ಬಲ ಚಾನೆಲ್‌ಗಳಲ್ಲಿ ಬೇಸ್ ಒಂದಕ್ಕೊಂದು ತಿರುಗಾಮುರುಗಾ ಇದ್ದರೆ ಗೀರು ಮೇಲೆ ಕೆಳಗೆ ಕುಣಿದು, ಹಾಡು ನುಡಿಸುವಾಗ ಸೂಜಿ ಹಾರಿಬೀಳುತ್ತಿತ್ತು. ‘ಸ’, ‘ಶ’ ಅಕ್ಷರಗಳು ಚೂಪಾಗಿದ್ದರೆ ದನಿ ಒಡೆಯುತ್ತಿತ್ತು, ತಟ್ಟೆಯ ಒಳಸುತ್ತಿಗೆ ಬಂದಂತೆ ಇನ್ನೂ ಜಾಸ್ತಿ. ಹಾಗಾಗಿ ಕೊರೆಯುವಾಗ ಬೇಸ್ ತಗ್ಗಿಸಿ ಟ್ರೆಬಲ್ ಏರಿಸಿ, ನುಡಿಸುವಾಗ ಅದನ್ನು ಉಲ್ಟಾ ಮಾಡುವ ಪದ್ಧತಿ ಬಂತು. 1950ರ ದಶಕದ ಮಧ್ಯದಲ್ಲಿ ‘ಆರ್‌ಐಎಎ ಕರ್ವ್’ ಅಂತ ಅದು ಎಲ್ಲರಿಗೂ ಒಂದೇ ಆಯಿತು.

ಮೊದಮೊದಲು ಇವರನ್ನು ಯಾರೂ ಕಲಾವಿದರು ಅಂತ ನೋಡಲಿಲ್ಲ, ಇದ್ದದ್ದನ್ನು ಇದ್ದಂತೆ ಇಳಿಸಿದರೆ ಸಾಕಿತ್ತು. ಆದರೆ ಕೆಲವರು ಕೊರೆದ ತಟ್ಟೆ ಮಾತ್ರ ಬೇರೆಯವರದ್ದಕ್ಕಿಂತ ಚೆನ್ನಾಗಿ ಕೇಳಿಸುತ್ತಿತ್ತು. ಅಲ್ಲಿಂದ ನಿರ್ಮಾಪಕರು ಹೆಸರು ಹಿಡಿದು ಹುಡುಕಿಕೊಂಡು ಹೋಗಲು ಶುರು ಮಾಡಿದರು.

ಹಾಡು ಜೋರಾಗಿ ಕೇಳಿಸೋಕೆ ತಾನೇ ಮಾಸ್ಟರಿಂಗ್ ಮಾಡೋದು?

ಎಲ್ಲರೂ ಹೀಗೇ ಅಂದುಕೊಂಡಿದ್ದಾರೆ. ಅದಕ್ಕೆ ಕಾರಣವೂ ಇದೆ.

ನಮ್ಮ ಕಿವಿಯ ಒಂದು ದೌರ್ಬಲ್ಯ ಏನೆಂದರೆ, ಒಂದೇ ಹಾಡನ್ನು ಸ್ವಲ್ಪ ಜೋರಾಗಿ ನುಡಿಸಿದರೂ ಅದೇ ಚೆಂದ ಅನಿಸುತ್ತದೆ. ಮೆತ್ತಗೆ ಕೇಳುವಾಗ ಬೇಸ್ ಮತ್ತು ತೀರಾ ಮೇಲಿನ ದನಿಗಳು ನಮಗೆ ಸರಿಯಾಗಿ ಕೇಳಿಸುವುದಿಲ್ಲ, ವಾಲ್ಯೂಮ್ ಏರಿಸಿದಂತೆ ಅವು ತುಂಬಿಕೊಳ್ಳುತ್ತವೆ. ಫ್ಲೆಚರ್ ಮತ್ತು ಮನ್ಸನ್ ಅನ್ನೋ ವಿಜ್ಞಾನಿಗಳು 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು. ಪಕ್ಕದವರ ಹಾಡಿಗಿಂತ ನಮ್ಮದು ಒಂದು ಕೂದಲು ಜೋರಿದ್ದರೆ ಗೆದ್ದೆವು ಅನ್ನೋ ಹಠ ಇಲ್ಲಿಂದಲೇ ಹುಟ್ಟಿದ್ದು.

ಸಿಡಿ ಮಾರುಕಟ್ಟೆಗೆ ಬಂದದ್ದು 1982ರಲ್ಲಿ. ಅದರಲ್ಲಿ ಸೊನ್ನೆ ಡಿಬಿ (ಡೆಸಿಬೆಲ್, ದನಿಯ ಮಟ್ಟದ ಅಳತೆ) ಅನ್ನೋ ಗಟ್ಟಿ ಚಾವಣಿ ಇದೆ, ಅದರ ಮೇಲೆ ಹೋಗುವಂತಿಲ್ಲ. ಚಾವಣಿ ಎತ್ತಲು ಆಗದಿದ್ದರೆ ನೆಲವನ್ನೇ ಎತ್ತಿದರಾಯಿತಲ್ಲ! 1990ರ ದಶಕದಲ್ಲಿ ಡಿಜಿಟಲ್ ಲಿಮಿಟರ್‌ಗಳು ಬಂದವು. ಬರುವ ಪೀಕ್ (ದನಿ ಒಂದು ಕ್ಷಣ ಮುಟ್ಟುವ ಎತ್ತರ) ಅನ್ನು ಕ್ಷಣ ಮುಂಚೆಯೇ ನೋಡಿ ತಲೆ ತಗ್ಗಿಸಿ, ಉಳಿದದ್ದನ್ನೆಲ್ಲಾ ಮೇಲಕ್ಕೆ ತಳ್ಳುವ ಸಾಧನ ಇದು. ವರ್ಷದಿಂದ ವರ್ಷಕ್ಕೆ ಹಾಡುಗಳು ಜೋರಾಗುತ್ತಾ ಹೋದವು. ‘ಲೌಡ್‌ನೆಸ್ ವಾರ್’ ಅಂತ ಇದಕ್ಕೆ ಹೆಸರೇ ಬಿತ್ತು. ಆ ಕಾಲದ ಕೆಲವು ಹಾಡುಗಳ ವೇವ್‌ಫಾರ್ಮ್ (ದನಿಯ ಏರಿಳಿತದ ಚಿತ್ರ) ನೋಡಿದರೆ ಏರಿಳಿತವೇ ಇಲ್ಲದ ದಪ್ಪ ಪಟ್ಟಿ. ಕಿಕ್ ಡ್ರಮ್ಮಿನ ಹೊಡೆತ ಚಪ್ಪಟೆ, ಮೆತ್ತಗಿರಬೇಕಾದ ಚರಣವೂ ಪಲ್ಲವಿಯಷ್ಟೇ ಜೋರು. ಹತ್ತು ನಿಮಿಷ ಕೇಳಿದರೆ ತಲೆ ಭಾರ.

ಮಾಸ್ಟರಿಂಗ್‌ನಲ್ಲಿ ಲೆವೆಲ್ ಏರಿಸುವುದು ಇದ್ದೇ ಇದೆ, ಅದನ್ನು ಮುಚ್ಚಿಡುವುದೇನೂ ಇಲ್ಲ. ಆದರೆ ಎಲ್ಲಿ ನಿಲ್ಲಿಸಬೇಕು ಅಂತ ತಿಳಿಯುವುದೇ ಅಲ್ಲಿನ ಕಸುಬು. ಒಂದು ಪರೀಕ್ಷೆ ಮಾಡಿ ನೋಡಿ. ಲಿಮಿಟರ್ ಹಾಕಿದ ಆವೃತ್ತಿಯ ವಾಲ್ಯೂಮ್ ಇಳಿಸಿ, ಹಾಕದೇ ಇರುವುದರ ಮಟ್ಟಕ್ಕೆ ಸರಿಯಾಗಿ ತನ್ನಿ. ಈಗ ಕಣ್ಣು ಮುಚ್ಚಿ ಎರಡನ್ನೂ ಅದಲುಬದಲು ಮಾಡಿ ಕೇಳಿ. ಸ್ನೇರ್ ಡ್ರಮ್ಮಿನ ಮೊದಲ ಏಟನ್ನು ಮಾತ್ರ ಗಮನಿಸಿ. ಅದು ‘ಟಪ್’ ಅಂತಿದ್ದದ್ದು ‘ದಬ್’ ಅಂತಾಗಿದ್ದರೆ ನೀವು ಮಿತಿ ದಾಟಿದ್ದೀರಿ.

ಲಫ್ಸ್ ಅಂತ ಎಲ್ಲರೂ ಹೇಳುತ್ತಾರಲ್ಲ, ಮೈನಸ್ 14ಕ್ಕೇ ಮಾಸ್ಟರ್ ಮಾಡಬೇಕಾ?

ಲಫ್ಸ್ ಅಂದರೆ ಹಾಡು ಕಿವಿಗೆ ಎಷ್ಟು ಜೋರು ಅನಿಸುತ್ತದೆ ಅನ್ನೋದರ ಅಳತೆ. ಪೀಕ್ ಮೀಟರ್ ಒಂದು ಕ್ಷಣದ ಎತ್ತರ ಮಾತ್ರ ಹೇಳುತ್ತದೆ. ಲಫ್ಸ್ ಮೀಟರ್ ಇಡೀ ಹಾಡಿನ ಸರಾಸರಿ ತೆಗೆಯುತ್ತದೆ, ಕಿವಿಯ ಸ್ವಭಾವವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ, ತೀರಾ ನಿಶ್ಶಬ್ದ ಇರುವ ಜಾಗಗಳನ್ನು ಬಿಟ್ಟುಬಿಡುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2006ರಲ್ಲಿ ಈ ಅಳತೆಯ ಪದ್ಧತಿಯನ್ನು ಪ್ರಕಟಿಸಿತು. 2010ರಲ್ಲಿ ಯುರೋಪಿನ ಪ್ರಸಾರಕರು ಅದರ ಮೇಲೆ ತಮ್ಮ ನಿಯಮ ಕಟ್ಟಿದರು. ಆಮೇಲೆ ಸ್ಟ್ರೀಮಿಂಗ್‌ನವರು ಹಿಡಿದರು.

ಈಗ ಸ್ಪಾಟಿಫೈ ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಮೈನಸ್ 14 ಲಫ್ಸ್ ಸುತ್ತ ನುಡಿಸುತ್ತದೆ. ಯೂಟ್ಯೂಬ್ ಕೂಡ ಹೆಚ್ಚುಕಮ್ಮಿ ಅಷ್ಟೇ, ಆದರೆ ಅದು ಜೋರಿದ್ದದ್ದನ್ನು ಇಳಿಸುತ್ತದೆ, ಮೆತ್ತಗಿದ್ದದ್ದನ್ನು ಏರಿಸುವುದಿಲ್ಲ. ಆಪಲ್ ಮ್ಯೂಸಿಕ್‌ನದ್ದು ಮೈನಸ್ 16ರ ಸುತ್ತ. ಅಂದರೆ ನೀವು ಹಟಕ್ಕೆ ಬಿದ್ದು ಮೈನಸ್ 8ಕ್ಕೆ ಮಾಸ್ಟರ್ ಮಾಡಿದರೆ ಸ್ಪಾಟಿಫೈ ಅದನ್ನು 6 ಡಿಬಿ ಇಳಿಸಿ ನುಡಿಸುತ್ತದೆ. ಜೋರು ಹೋಯಿತು, ಜಜ್ಜಿದ ಗುರುತು ಮಾತ್ರ ಉಳಿಯಿತು.

ಹಾಗಂತ ಮೈನಸ್ 14 ಅನ್ನೇ ಗುರಿ ಮಾಡಿಕೊಳ್ಳಬೇಕಾ? ಬೇಡ. ಅದು ಅವರು ನುಡಿಸುವ ಮಟ್ಟ, ನೀವು ಮುಟ್ಟಲೇಬೇಕಾದ ಅಂಕಿ ಏನಲ್ಲ. ಕೇಳುಗರು ಆ ಸೆಟ್ಟಿಂಗ್ ಆಫ್ ಕೂಡ ಮಾಡಬಹುದು. ಮೆಟಲ್ ಹಾಡಿಗೆ ಮೈನಸ್ 8 ಸಹಜವಾಗಿ ಕೂರಬಹುದು, ಒಂಟಿ ವೀಣೆಗೆ ಮೈನಸ್ 18 ಸರಿ ಇರಬಹುದು. ಹಾಡು ಎಲ್ಲಿ ಉಸಿರಾಡುತ್ತದೋ ಅಲ್ಲಿ ಬಿಡಿ. ಮೀಟರನ್ನು ಕೊನೆಗೆ ನೋಡಿ.

ಟ್ರೂ ಪೀಕ್ ಮೈನಸ್ 1 ಇರಬೇಕು ಅನ್ನೋದು ಯಾಕೆ?

ಡಿಜಿಟಲ್ ಫೈಲಿನಲ್ಲಿ ಇರುವುದು ಬಿಡಿಬಿಡಿ ಬಿಂದುಗಳು. ನುಡಿಸುವಾಗ ಅವುಗಳ ಮಧ್ಯೆ ನಯವಾದ ಗೆರೆ ಎಳೆಯಲಾಗುತ್ತದೆ. ಅಕ್ಕಪಕ್ಕದ ಎರಡು ಬಿಂದುಗಳೂ ಸೊನ್ನೆ ಡಿಬಿ ಚಾವಣಿಯ ಹತ್ತಿರವೇ ಇದ್ದರೆ, ಮಧ್ಯದ ಗೆರೆ ಆ ಚಾವಣಿಯನ್ನೂ ದಾಟಿ ಮೇಲೆ ಹೋಗಬಹುದು. ಆ ಗೆರೆಯ ನಿಜವಾದ ಎತ್ತರವೇ ಟ್ರೂ ಪೀಕ್. ಸಾಧಾರಣ ಮೀಟರ್‌ಗೆ ಅದು ಕಾಣುವುದಿಲ್ಲ. ಜೊತೆಗೆ ಎಂಪಿ3, ಎಎಸಿ, ಆಗ್ (Ogg) ಇಂಥ ಫೈಲು ಚಿಕ್ಕದಾಗಿಸುವ ಫಾರ್ಮ್ಯಾಟ್‌ಗಳಿಗೆ ಬದಲಾಯಿಸುವಾಗ ಪೀಕ್‌ಗಳು ಇನ್ನೊಂದಷ್ಟು ಉಬ್ಬುತ್ತವೆ. ಅದಕ್ಕೇ ತಲೆಯ ಮೇಲೆ 1 ಡಿಬಿ ಜಾಗ. ಮಾಸ್ಟರ್ ಮೈನಸ್ 14ಕ್ಕಿಂತ ಜೋರಿದ್ದರೆ 2 ಡಿಬಿ ಬಿಡಿ ಅಂತ ಸ್ಪಾಟಿಫೈನವರೇ ಹೇಳುತ್ತಾರೆ.

ಮಿಕ್ಸ್ ಸರಿಯಾಗಿಲ್ಲ, ಮಾಸ್ಟರಿಂಗ್‌ನಲ್ಲಿ ಸರಿ ಹೋಗುತ್ತಾ?

ಹೋಗಲ್ಲ. ಇನ್ನೂ ಕೆಟ್ಟದಾಗಬಹುದು, ಯಾಕೆಂದರೆ ಲಿಮಿಟರ್ ಬಂದ ಮೇಲೆ ಮರೆಯಲ್ಲಿದ್ದ ತಪ್ಪುಗಳೆಲ್ಲಾ ಮುಂದೆ ಬರುತ್ತವೆ.

ಒಂದು ಉದಾಹರಣೆ ಹೇಳುತ್ತೇನೆ. ಹಾಡಿನಲ್ಲಿ ‘ಸ’ ಬಂದಾಗಲೆಲ್ಲಾ ಕಿವಿಗೆ ಸೂಜಿ ಚುಚ್ಚಿದಂತಾಗುತ್ತಿದೆ ಅಂದುಕೊಳ್ಳಿ. ಮಾಸ್ಟರಿಂಗ್‌ನಲ್ಲಿ 7 ಕಿಲೋಹರ್ಟ್ಜ್ ಸುತ್ತ ಡಿ-ಎಸ್ಸರ್ (ಚೂಪಾದ ‘ಸ’ಕಾರ ತಗ್ಗಿಸುವ ಸಾಧನ) ಹಾಕಿದರೆ ‘ಸ’ ತಗ್ಗುತ್ತದೆ, ನಿಜ. ಆದರೆ ಅದೇ ಜಾಗದಲ್ಲಿ ಡ್ರಮ್ಸ್‌ನ ಹೈ-ಹ್ಯಾಟ್ (ಜೋಡಿ ತಾಳ) ಕೂಡ ಇದೆ. ‘ಸ’ ಬಂದಾಗಲೆಲ್ಲಾ ಹೈ-ಹ್ಯಾಟ್ ಒಂದು ಕ್ಷಣ ಕಂಬಳಿ ಹೊದ್ದಂತೆ ಮಂಕಾಗಿ, ಮತ್ತೆ ಎದ್ದು ಬರುತ್ತದೆ. ಒಮ್ಮೆ ಅದು ಕಿವಿಗೆ ಬಿತ್ತೋ, ಮುಗಿಯಿತು, ಆಮೇಲೆ ಹಾಡು ಕೇಳಿಸಲ್ಲ, ಬರೀ ಹೈ-ಹ್ಯಾಟ್ ಕೇಳಿಸುತ್ತದೆ. ಅದೇ ಮಿಕ್ಸ್‌ಗೆ ವಾಪಸ್ ಹೋಗಿ ದನಿಯ ಟ್ರ್ಯಾಕ್ ಮೇಲೆ ಮಾತ್ರ ಡಿ-ಎಸ್ಸರ್ ಹಾಕಿದರೆ ಎರಡು ನಿಮಿಷದ ಕೆಲಸ. ಒಳ್ಳೆಯ ಮಾಸ್ಟರಿಂಗ್ ಎಂಜಿನಿಯರ್ ಇಂಥ ಕಡೆ ‘ಇದನ್ನು ಮಿಕ್ಸ್‌ನಲ್ಲೇ ಸರಿ ಮಾಡಿ ಕಳಿಸಿ’ ಅಂತ ಫೈಲು ವಾಪಸ್ ಕಳಿಸುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ, ಅದು ಒಳ್ಳೆಯ ಲಕ್ಷಣ.

ವಾಪಸ್ ಹೋಗುವ ದಾರಿಯೇ ಇಲ್ಲದಿದ್ದಾಗ ಸ್ಟೆಮ್ ಮಾಸ್ಟರಿಂಗ್ ಅಂತ ಒಂದಿದೆ. ದನಿ, ಡ್ರಮ್ಸ್, ಬೇಸ್, ಉಳಿದ ವಾದ್ಯಗಳು ಅಂತ ನಾಲ್ಕೈದು ಗುಂಪು ಮಾಡಿ ಕಳಿಸುವುದು. ಉಪಯೋಗ ಆಗುತ್ತದೆ. ಆದರೆ ಮಿಕ್ಸ್ ಬಗ್ಗೆ ತೀರ್ಮಾನ ಮಾಡಲಾಗದೆ ಅದನ್ನು ಬೇರೆಯವರ ತಲೆಗೆ ಕಟ್ಟುವುದಕ್ಕೂ ಜನ ಇದನ್ನು ಬಳಸುತ್ತಾರೆ.

ಎಷ್ಟು ಬದಲಾವಣೆ ಮಾಡಿದರೆ ಮಾಸ್ಟರಿಂಗ್ ಆಯಿತು ಅಂತ?

ಎಷ್ಟು ಕಮ್ಮಿಯೋ ಅಷ್ಟು ಒಳ್ಳೆಯದು. 250 ಹರ್ಟ್ಜ್ ಹತ್ತಿರ ಗುಂಯ್ ಅಂತಿದ್ದರೆ ಅಲ್ಲಿ ಒಂದು ಡಿಬಿ ಇಳಿಕೆ, ಮೇಲೆ 12 ಕಿಲೋಹರ್ಟ್ಜ್‌ನಿಂದ ಅರ್ಧ ಡಿಬಿ ಏರಿಕೆ, ಕಂಪ್ರೆಸರ್‌ನ ಮುಳ್ಳು ಒಂದೆರಡು ಡಿಬಿ ಅಲ್ಲಾಡಿದರೆ ಸಾಕು. ಇಡೀ ಹಾಡಿನ ಮೇಲೆ ಅರ್ಧ ಡಿಬಿ ಅಂದರೂ ಕೇಳಿಸುತ್ತದೆ. ಅದೇ ಒಂದು ಟ್ರ್ಯಾಕ್ ಮೇಲಾದರೆ ಗೊತ್ತೇ ಆಗುತ್ತಿರಲಿಲ್ಲ. ಯಾವುದೋ ಒಂದು ಕಡೆ 5 ಡಿಬಿ ಎತ್ತಬೇಕು ಅನಿಸಿದರೆ ಅದು ಮಿಕ್ಸ್‌ನ ಸಮಸ್ಯೆ. ಏನೂ ಬೇಡ ಅನಿಸಿದರೆ ಏನೂ ಮಾಡದೆ ಲೆವೆಲ್ ಮಾತ್ರ ಸರಿ ಮಾಡಿ ಕೊಡುವುದಕ್ಕೂ ಧೈರ್ಯ ಬೇಕು. ದುಡ್ಡು ತಗೊಂಡಿದ್ದೇವಲ್ಲ ಅಂತ ಸುಮ್ನೆ ಏನಾದರೂ ತಿರುಗಿಸುವವರೇ ಜಾಸ್ತಿ.

ಫೋನಿನಲ್ಲಿ, ಕಾರಿನಲ್ಲಿ, ಇಯರ್‌ಫೋನಿನಲ್ಲಿ ಎಲ್ಲಾ ಕಡೆ ಒಂದೇ ಥರ ಕೇಳಿಸುವಂತೆ ಮಾಡಬಹುದಾ?

ಒಂದೇ ಥರ ಆಗಲ್ಲ, ಆದರೆ ಎಲ್ಲಾ ಕಡೆಯೂ ಹಾಡು ಹಾಡಾಗಿ ಉಳಿಯುವಂತೆ ಮಾಡಬಹುದು. ಫೋನಿನ ಪುಟ್ಟ ಸ್ಪೀಕರ್‌ಗೆ 60 ಹರ್ಟ್ಜ್‌ನ ಬೇಸ್ ನುಡಿಸುವ ಶಕ್ತಿಯೇ ಇಲ್ಲ. ಆದರೂ ಕೆಲವು ಹಾಡುಗಳ ಬೇಸ್ ಫೋನಿನಲ್ಲೂ ಕೇಳಿಸುತ್ತದೆ, ಅಲ್ವಾ? ಆ ಸ್ವರದ ಮೇಲಿನ ಹಾರ್ಮೋನಿಕ್‌ಗಳು (ಅದರ ಎರಡು, ಮೂರು, ನಾಲ್ಕು ಪಟ್ಟಿನ ಕಂಪನಗಳು), 120, 180, 240 ಹೀಗೆ, ಗಟ್ಟಿಯಾಗಿದ್ದರೆ ಕೆಳಗಿನದ್ದನ್ನು ಮಿದುಳೇ ತುಂಬಿಕೊಳ್ಳುತ್ತದೆ. ಇಂಥ ಹಾರ್ಮೋನಿಕ್‌ಗಳನ್ನು ಸೇರಿಸುವ ಸ್ಯಾಚುರೇಶನ್ ಅನ್ನು ಸ್ವಲ್ಪ ಹಾಕುವುದು ಇದಕ್ಕೇ.

ಮೋನೋದಲ್ಲಿ ಕೇಳಿ ನೋಡುವುದನ್ನಂತೂ ಮರೆಯಬೇಡಿ. ಸಾರ್ವಜನಿಕ ಜಾಗಗಳ ಸ್ಪೀಕರ್‌ಗಳು, ಒಂಟಿ ಬ್ಲೂಟೂತ್ ಡಬ್ಬಿಗಳು ಎಡ ಬಲ ಎರಡನ್ನೂ ಕೂಡಿಸಿ ನುಡಿಸುತ್ತವೆ. ಹಾಡು ಅಗಲವಾಗಿರಲಿ ಅಂತ ವೈಡನರ್ ಹಾಕಿ ಫೇಸ್ (ಎಡ ಬಲ ಅಲೆಗಳ ಹೊಂದಾಣಿಕೆ) ಕೆಡಿಸಿದ್ದರೆ, ಕೂಡಿಸಿದಾಗ ಒಂದನ್ನೊಂದು ಹೊಡೆದುಹಾಕಿ ಆ ವಾದ್ಯವೇ ನಾಪತ್ತೆ.

ಆಲ್ಬಮ್ ಆದರೆ ಬೇರೆ ಕೆಲಸ ಇರುತ್ತದಾ?

ಇರುತ್ತದೆ, ಮತ್ತು ನನ್ನ ಪ್ರಕಾರ ಮಾಸ್ಟರಿಂಗ್‌ನ ನಿಜವಾದ ಸೊಗಸು ಇರುವುದು ಅಲ್ಲೇ. ಹತ್ತು ಹಾಡು, ಮೂರು ಸ್ಟುಡಿಯೋ, ಇಬ್ಬರು ಮಿಕ್ಸ್ ಮಾಡಿದವರು. ಎಲ್ಲವೂ ಒಂದೇ ಮನೆಯವು ಅನಿಸಬೇಕು, ಆದರೆ ಒಂದೇ ಅಚ್ಚಿನವು ಅನಿಸಬಾರದು. ಇಲ್ಲಿ ಹೊಸಬರು ಮಾಡುವ ತಪ್ಪು ಎಲ್ಲಾ ಹಾಡನ್ನೂ ಒಂದೇ ಲಫ್ಸ್‌ಗೆ ತರುವುದು. ಹಾಗೆ ಮಾಡಿದರೆ ಒಂಟಿ ಗಿಟಾರಿನ ಮೆಲುಹಾಡು ಡ್ರಮ್ಸ್ ಇರುವ ಹಾಡಿಗಿಂತ ದೊಡ್ಡದಾಗಿ ಬಂದು ಎದುರಿಗೆ ನಿಲ್ಲುತ್ತದೆ. ಸರಿಸಮ ಮಾಡಬೇಕಾದದ್ದು ಗಾಯಕರ ದನಿಯನ್ನು. ಒಂದು ಹಾಡಿನಿಂದ ಇನ್ನೊಂದಕ್ಕೆ ಹೋದಾಗ ಕೇಳುಗರ ಕೈ ವಾಲ್ಯೂಮ್ ಕಡೆ ಹೋಗದಿದ್ದರೆ ಸರಿಯಾಗಿದೆ ಅಂತ ಲೆಕ್ಕ. ಆಲ್ಬಮ್ಮನ್ನು ಪೂರ್ತಿ ಕೇಳುವಾಗ ಸ್ಪಾಟಿಫೈ ಕೂಡ ಹಾಡುಗಳ ನಡುವಿನ ಈ ಏರಿಳಿತವನ್ನು ಹಾಗೇ ಉಳಿಸುತ್ತದೆ.

ಹಾಡುಗಳ ನಡುವಿನ ಬಿಡುವೂ ಇಲ್ಲೇ ತೀರ್ಮಾನವಾಗುವುದು. ಎರಡು ಸೆಕೆಂಡ್ ಅನ್ನೋದು ಹಳೆಯ ರೂಢಿ, ನಿಯಮವೇನಲ್ಲ. ಹಿಂದಿನ ಹಾಡಿನ ತಾಳ ಮನಸ್ಸಿನಲ್ಲಿ ಓಡುತ್ತಿರುವಾಗಲೇ ಸರಿಯಾದ ಮಾತ್ರೆಗೆ ಮುಂದಿನದು ಶುರುವಾದರೆ ಅದರ ಮಜವೇ ಬೇರೆ.

ಮಾಸ್ಟರಿಂಗ್‌ಗೆ ಫೈಲ್ ಹೇಗೆ ಕಳಿಸಬೇಕು?

ವೇವ್ ಫೈಲ್, 24 ಬಿಟ್ ಅಥವಾ 32 ಬಿಟ್ ಫ್ಲೋಟ್, ಪ್ರಾಜೆಕ್ಟ್ ಯಾವ ಸ್ಯಾಂಪಲ್ ರೇಟ್‌ನಲ್ಲಿದೆಯೋ (ಸೆಕೆಂಡಿಗೆ ಎಷ್ಟು ಬಿಂದುಗಳು ಅನ್ನೋ ಲೆಕ್ಕ) ಅದರಲ್ಲೇ. 48 ಕಿಲೋಹರ್ಟ್ಜ್‌ನಲ್ಲಿ ಮಾಡಿದ್ದನ್ನು 96ಕ್ಕೆ ಏರಿಸಿ ಕಳಿಸಿದರೆ ಫೈಲು ದಪ್ಪ ಆಗುತ್ತದೆ, ಸೌಂಡ್ ಅಲ್ಲ. ಎಂಪಿ3 ಕಳಿಸಲೇಬೇಡಿ, ಅದರಲ್ಲಿ ಕಳೆದುಹೋದದ್ದು ಮತ್ತೆ ಬರುವುದಿಲ್ಲ.

6 ಡಿಬಿ ಹೆಡ್‌ರೂಮ್ (ಚಾವಣಿಯ ಕೆಳಗೆ ಖಾಲಿ ಜಾಗ) ಬಿಡಲೇಬೇಕು ಅಂತ ಎಲ್ಲಾ ಕಡೆ ಬರೆದಿರುತ್ತಾರೆ. ಅದು ಒಳ್ಳೆಯ ಅಭ್ಯಾಸ, ಅಷ್ಟೇ. ಮುಖ್ಯವಾದದ್ದು ಕ್ಲಿಪ್ ಆಗದಿರುವುದು, ಅಂದರೆ ಚಾವಣಿಗೆ ಬಡಿದು ದನಿ ಒಡೆಯದಿರುವುದು. ಮಾಸ್ಟರ್ ಬಸ್ (ಎಲ್ಲಾ ಟ್ರ್ಯಾಕ್‌ಗಳೂ ಕೂಡುವ ಕೊನೆಯ ಚಾನೆಲ್) ಮೇಲೆ ಜೋರಿಗಾಗಿ ಹಾಕಿದ ಲಿಮಿಟರ್ ತೆಗೆಯಿರಿ. ಆದರೆ ಶುರುವಿನಿಂದಲೂ ಒಂದು ಕಂಪ್ರೆಸರ್ ಇಟ್ಟುಕೊಂಡೇ ಮಿಕ್ಸ್ ಮಾಡಿದ್ದರೆ ಅದನ್ನು ತೆಗೆಯಬೇಡಿ, ತೆಗೆದರೆ ಮಿಕ್ಸ್ ಬ್ಯಾಲೆನ್ಸೇ ಕೆಡುತ್ತದೆ. ಲಿಮಿಟರ್ ಹಾಕಿ ನೀವು ದಿನಾ ಕೇಳುತ್ತಿದ್ದ ಆವೃತ್ತಿಯನ್ನೂ ಜೊತೆಗೆ ಕಳಿಸಿ, ನಿಮ್ಮ ಕಿವಿ ಯಾವುದಕ್ಕೆ ಒಗ್ಗಿದೆ ಅಂತ ಅವರಿಗೂ ಗೊತ್ತಾಗಲಿ. ಹಾಡಿನ ಹಿಂದೆ ಮುಂದೆ ಒಂದೆರಡು ಸೆಕೆಂಡ್ ಖಾಲಿ ಬಿಡಿ.

ಡಿದರ್ ಹಾಕಬೇಕಾ?

24 ಬಿಟ್‌ನಿಂದ 16 ಬಿಟ್‌ಗೆ ಇಳಿಸುವಾಗ ಹಾಕಬೇಕು. ಒಂದೇ ಸಲ, ಎಲ್ಲಕ್ಕಿಂತ ಕೊನೆಗೆ. 16 ಬಿಟ್‌ನಲ್ಲಿ ಸುಮಾರು 96 ಡಿಬಿ ವ್ಯಾಪ್ತಿ ಸಿಗುತ್ತದೆ. ಕೆಳಗಿನ ಬಿಟ್‌ಗಳನ್ನು ಸುಮ್ನೆ ಕತ್ತರಿಸಿದರೆ ಮೆತ್ತಗೆ ಮಾಯವಾಗಬೇಕಾದ ದನಿಯ ಕೊನೆ ಗರಗರ ಅನ್ನುತ್ತದೆ. ಡಿದರ್ ಅಂದರೆ ಆ ಗರಗರ ತಪ್ಪಿಸಲು ಅಲ್ಲಿ ಬೇಕೆಂದೇ ಸೇರಿಸುವ, ಕೇಳಿಸಿಯೂ ಕೇಳಿಸದಂಥ ಹಿಸ್. ಮಿಕ್ಸ್ ಕಳಿಸುವಾಗ ಇದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ವಿನೈಲ್‌ಗೆ ಬೇರೆ ಮಾಸ್ಟರ್ ಬೇಕಾ?

ಇದ್ದರೆ ಒಳ್ಳೆಯದು. ವಿನೈಲ್ ಅಂದರೆ ಎಲ್‌ಪಿ ತಟ್ಟೆಯೇ. ಗೀರಿನ ಕಷ್ಟಗಳು ಅಂದೂ ಇಂದೂ ಅವೇ. ಬೇಸ್ ಮಧ್ಯದಲ್ಲಿರಲಿ, ‘ಸ’ ಹದವಾಗಿರಲಿ, ಲಿಮಿಟರ್ ಕಮ್ಮಿ ಇರಲಿ, ಒಂದು ಮುಖಕ್ಕೆ 20 ನಿಮಿಷದ ಆಸುಪಾಸು ಇರಲಿ. ಅದಕ್ಕಿಂತ ಉದ್ದವಾದರೆ ಲೆವೆಲ್ ಇಳಿಸಬೇಕಾಗುತ್ತದೆ, ಆಗ ತಟ್ಟೆಯ ಚರಪರ ಸದ್ದು ಮುಂದೆ ಬರುತ್ತದೆ.

ಎಐ ಮಾಸ್ಟರಿಂಗ್ ಸಾಕಾಗಲ್ವಾ?

ಲ್ಯಾಂಡರ್ ಥರದ ಸೇವೆಗಳು 2014ರಿಂದಲೇ ಇವೆ, ಈಗ ಇನ್ನೂ ಎಷ್ಟೋ ಬಂದಿವೆ. ಡೆಮೋಗೆ, ಗೆಳೆಯರಿಗೆ ಕಳಿಸುವುದಕ್ಕೆ, ಕಾಸಿಲ್ಲದಾಗ ಒಂದು ಸಿಂಗಲ್ ಬಿಡುವುದಕ್ಕೆ ಧಾರಾಳವಾಗಿ ಸಾಕು. ಬ್ಯಾಲೆನ್ಸ್ ಮತ್ತು ಲೆವೆಲ್ ಅವು ಚೆನ್ನಾಗೇ ಮಾಡುತ್ತವೆ. ಆದರೆ ಎರಡನೇ ಚರಣದಲ್ಲಿ ಒಂದು ತಪ್ಪು ಎಡಿಟ್ ಇದೆ, ಬೇಕಂತಲೇ ಒರಟಾಗಿ ಮಾಡಿದ ಗಿಟಾರ್ ಇದು, ಇಲ್ಲಿ ಮಿಕ್ಸ್ ತಿದ್ದಿದರೆ ವಾಸಿ ಅಂತ ಫೋನ್ ಮಾಡಿ ಹೇಳುವವರು ಯಾರೂ ಅಲ್ಲಿಲ್ಲ.

ನನ್ನ ಹಾಡನ್ನು ನಾನೇ ಮಾಸ್ಟರ್ ಮಾಡಬಹುದಾ?

ಮಾಡಿ, ಯಾರು ಬೇಡ ಅಂದರು? ಮಿಕ್ಸ್ ಮುಗಿಸಿ ಒಂದು ವಾರ ಆ ಹಾಡಿನ ತಂಟೆಗೆ ಹೋಗಬೇಡಿ. ಮಿಕ್ಸ್ ಪ್ರಾಜೆಕ್ಟ್ ತೆರೆಯದೆ, ಬೌನ್ಸ್ ಮಾಡಿದ (ಒಂದೇ ಸ್ಟೀರಿಯೋ ಫೈಲಾಗಿ ಹೊರತೆಗೆದ) ಫೈಲನ್ನು ಹೊಸ ಸೆಷನ್‌ಗೆ ಹಾಕಿ. ಅದೇ ಜಾತಿಯ, ನಿಮಗಿಷ್ಟವಾದ ಎರಡು ಮೂರು ಹಾಡುಗಳನ್ನು ಪಕ್ಕದಲ್ಲಿಟ್ಟು, ಅವುಗಳ ವಾಲ್ಯೂಮ್ ಇಳಿಸಿ ಸಮ ಮಾಡಿಕೊಂಡು ಹೋಲಿಸಿ. ಈ ಸಮ ಮಾಡುವುದನ್ನು ಬಿಟ್ಟರೆ ನಿಮ್ಮ ಕಿವಿ ಜೋರಿನ ಹಿಂದೆಯೇ ಓಡುತ್ತದೆ.

ರಿಮಾಸ್ಟರ್ ಅಂತ ಹಳೆಯ ಹಾಡುಗಳನ್ನು ಮತ್ತೆ ಬಿಡುತ್ತಾರಲ್ಲ, ಅದೇನು?

ಹಳೆಯ ಮಾಸ್ಟರ್ ಟೇಪಿನಿಂದ ಹೊಸದಾಗಿ ಮಾಸ್ಟರ್ ಮಾಡುವುದು. ಮಿಕ್ಸ್ ಅದೇ ಇರುತ್ತದೆ. ಒಳ್ಳೆಯ ಟೇಪ್ ಸಿಕ್ಕಿ, ಟೇಪಿನ ದನಿಯನ್ನು ಡಿಜಿಟಲ್‌ಗೆ ಬದಲಿಸುವ ಈಗಿನ ಕನ್ವರ್ಟರ್‌ಗಳಲ್ಲಿ ನಿಧಾನವಾಗಿ ಮಾಡಿದರೆ ಹಳೆಯ ಸಿಡಿಯಲ್ಲಿ ಮುಚ್ಚಿಹೋಗಿದ್ದ ವಾದ್ಯಗಳು ತೆರೆದುಕೊಳ್ಳುತ್ತವೆ. ಹಾಗೇ ಎಷ್ಟೋ ರಿಮಾಸ್ಟರ್‌ಗಳು ಹಳೆಯದನ್ನೇ ಇನ್ನಷ್ಟು ಜೋರು ಮಾಡಿದವು ಮಾತ್ರ. ಹೆಸರು ನೋಡಿ ನಂಬಬೇಡಿ, ವಾಲ್ಯೂಮ್ ಸಮ ಮಾಡಿ ಕೇಳಿ.

ಮಾಸ್ಟರ್ ವಾಪಸ್ ಬಂದ ಮೇಲೆ ನಾನೇನು ನೋಡಬೇಕು?

ಮೊದಲು, ಹಾಡನ್ನು ಪೂರ್ತಿ ಕೇಳಿ, ಒಂದು ಸೆಕೆಂಡೂ ಬಿಡದೆ. ಮೊದಲ ಸ್ವರದ ತಲೆ ಕತ್ತರಿಸಿಲ್ಲ, ಕೊನೆಯ ರಿವರ್ಬ್ ಅರ್ಧಕ್ಕೇ ನಿಂತಿಲ್ಲ ಅಂತ ಹೆಡ್‌ಫೋನ್‌ನಲ್ಲಿ ಖಚಿತ ಮಾಡಿಕೊಳ್ಳಿ. ಆಮೇಲೆ ನಿಮ್ಮ ಮಿಕ್ಸ್ ಜೊತೆ, ಅದೇ ವಾಲ್ಯೂಮ್‌ಗೆ ತಂದು ಹೋಲಿಸಿ. ಬೇಸರ ಇದ್ದರೆ ‘ಪಂಚ್ ಇಲ್ಲ’ ಅಂತ ಬರೆಯಬೇಡಿ, ಅದರಿಂದ ಏನೂ ತಿಳಿಯುವುದಿಲ್ಲ. ‘1 ನಿಮಿಷ 12 ಸೆಕೆಂಡಿನಲ್ಲಿ ಪಲ್ಲವಿ ಬಂದಾಗ ಕಿಕ್ ಹಿಂದೆ ಸರಿದಂತಿದೆ’ ಅಂತ ಬರೆಯಿರಿ.

ಪ್ರತಿ ಹಾಡಿಗೂ ಆ ರೆಕಾರ್ಡಿಂಗ್ ಅನ್ನು ಗುರುತಿಸುವ 12 ಅಕ್ಷರ-ಅಂಕಿಗಳ ಐಎಸ್‌ಆರ್‌ಸಿ ಸಂಖ್ಯೆ ಬೇಕು. ಅದು ಯಾರು ಕೊಡುತ್ತಾರೆ, ನೀವೋ, ಡಿಸ್ಟ್ರಿಬ್ಯೂಟರೋ ಅಂತ ಮುಂಚೆಯೇ ಮಾತಾಡಿಕೊಳ್ಳಿ. ಎಲ್ಲಾ ಸರಿ ಅನಿಸಿದ ಮೇಲೆ, ಅವರು ಕೊಟ್ಟ ಫೈಲನ್ನೇ ಅಪ್‌ಲೋಡ್ ಮಾಡಿ. ಮತ್ತೆ ನಿಮ್ಮ ಸಾಫ್ಟ್‌ವೇರ್‌ಗೆ ಹಾಕಿ ಎಕ್ಸ್‌ಪೋರ್ಟ್ ಮಾಡಬೇಡಿ, ನಾರ್ಮಲೈಸ್ (ಸಾಫ್ಟ್‌ವೇರ್ ತಾನಾಗೇ ಮಟ್ಟ ಬದಲಿಸುವುದು) ಅಂತೂ ಬೇಡವೇ ಬೇಡ.